ಕೈಗುಣದ ವಾಕ್ಯ

ಕಾಲೇಜಿನ ಶುಲ್ಕ ವಿನಾಯಿತಿ ವಿಭಾಗದ ಗುಮಾಸ್ತೆಯ ಕೈಗುಣ ಒಳ್ಳೆಯದೆಂಬ ಮಾತಿತ್ತು. ಅರ್ಜಿಯಲ್ಲಿ ತಮ್ಮ ಕಷ್ಟ ಬರೆಯಲು ತಡವರಿಸುವ ಮಕ್ಕಳಿಗೆಲ್ಲ ಇಪ್ಪತ್ತು ವರ್ಷದಿಂದ ಅವಳು ಒಂದೇ ವಾಕ್ಯ ಹೇಳಿಕೊಡುತ್ತಿದ್ದಳು: ‘ಮನೆಯಲ್ಲಿ ದುಡಿಯುವ ಕೈ ಒಂದೇ, ಅದೂ ಸೋತಿದೆ.’ ಓದಿದ ಸಾಹೇಬರು ಮರುಮಾತಿಲ್ಲದೆ ಸಹಿ ಹಾಕುತ್ತಿದ್ದರು.

ಈ ವರ್ಷ ಓದಿದ್ದು ಹೊಸ ಸಾಫ್ಟ್‌ವೇರ್. ಒಂದೇ ವಾಕ್ಯವಿದ್ದ ನಲವತ್ತೊಂದು ಅರ್ಜಿಗಳನ್ನೂ ಅದು ನಕಲೆಂದು ಒಟ್ಟಿಗೆ ತಳ್ಳಿಹಾಕಿತು.

“ಕಷ್ಟ ಅವರದ್ದೇ ಸಾರ್, ಮಾತು ಮಾತ್ರ ನಂದು,” ಎಂದು ಅವಳು ಅಂಗಲಾಚಿದಳು.

“ಈಗ ಓದೋದು ನಾವಲ್ಲಮ್ಮ. ಅದು ಹೇಳಿದ್ಮೇಲೆ ಮುಗೀತು,” ಎಂದರು ಸಾಹೇಬರು, ತಲೆ ಎತ್ತದೆ.

ಅವಳು ತನ್ನ ಕೌಂಟರಿನ ಕಿಟಕಿಗೆ ಮರಳಿದಾಗ ಹೊರಗೆ ಹುಡುಗಿಯೊಬ್ಬಳು ನಗುತ್ತಾ ಕಾದಿದ್ದಳು.

“ಅಕ್ಕಾ, ನಮ್ಮಣ್ಣ ಓದಿದ್ದೂ ನಿಮ್ಮ ಆ ಒಂದು ಮಾತಿಂದಾನೇ ಅಂತೆ. ಈ ಸಲ ನಂಗೂ ಅದನ್ನೇ ಬರೆಸಿದ್ರಲ್ಲ, ಅಮ್ಮಂಗೆ ನೆಮ್ಮದಿಯಾಗಿ ನಿದ್ದೆ ಬರ್ತಿದೆ.”