ನಡುವೆ ರಸ್ತೆ ಇಲ್ಲದ ಹೋಟೆಲು

ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆ ಹೊತ್ತು ನೋಡಿಕೊಂಡೇ ಭಾವ ಬಂದಿದ್ದ. ಒಳಗೆ ಒಬ್ಬರು ಮುದುಕರು ಫ್ರೇಮು ಬದಲಾಯಿಸಿ ಬದಲಾಯಿಸಿ ಕನ್ನಡಿ ನೋಡಿಕೊಳ್ಳುತ್ತಿದ್ದರು. ಅವರು ಹೊರಡುವವರೆಗೂ ಭಾವ ಗಾಜಿನ ಬಾಗಿಲ ಹೊರಗೇ ನಿಂತಿದ್ದ. ಚಿಕ್ಕಿ ಕಂಡೂ ಕಾಣದವಳ ಹಾಗೆ ಲೆನ್ಸಿನ ಅಂಚು ಉಜ್ಜುತ್ತಾ ಕೂತಿದ್ದಳು.

ಅವಳನ್ನು ಚಿಕ್ಕಿ ಎಂದು ಕರೆಯಬೇಕಾದವಳು ಅಕ್ಕನ ಮಗಳೊಬ್ಬಳೇ. ಆದರೆ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೇಳಿಸುತ್ತಿದ್ದದ್ದು ಆ ಕೂಗೇ ಆದ್ದರಿಂದ ಗಂಡನ ಬಾಯಲ್ಲೂ ಅವಳು ಚಿಕ್ಕಿಯೇ ಆಗಿಬಿಟ್ಟಿದ್ದಳು. ಆ ಹುಡುಗಿಗೆ ಇವರಿಟ್ಟ ಅಡ್ಡಹೆಸರು ಮೆಣಸಿ. ಕಾಳಿನಷ್ಟೇ ಇದ್ದಳು, ಬಾಯಿ ಬಿಟ್ಟರೆ ಖಾರ. ಮೆಣಸಿ ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ನಮ್ಮದೊಂದು ಎಂದುಕೊಂಡೇ ಚಿಕ್ಕಿಯ ವಯಸ್ಸು ಮೀರಿತ್ತು. ಅದರ ಬಗ್ಗೆ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ.

ಮೆಣಸಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಕಾಲ. ಅವಳಪ್ಪ, ಅಂದರೆ ಈ ಭಾವ, ಆಗ ಲಾರಿ ಡ್ರೈವರು. ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ, ಚೆನ್ನಾಗಿ ಕುಡಿದು, ಯಾರದೋ ಕಾರು ಓಡಿಸಿಕೊಂಡು ಬರುವಾಗ ಸೇತುವೆಯ ಗೋಡೆಗೆ ಗುದ್ದಿದ್ದ. ಪಕ್ಕದಲ್ಲಿ ಕೂತಿದ್ದ ಅಕ್ಕ ಅಲ್ಲೇ ಹೋದಳು. ಅವನ ಹಣೆಯ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಜ್ವರ ಬಂದಿದೆ ಎಂದು ಮಗುವನ್ನು ಆ ದಿನ ತಂಗಿಯ ಮನೆಯಲ್ಲಿ ಬಿಟ್ಟು ಹೋಗಿದ್ದರು. ಬಿಟ್ಟುಹೋದ ಮಗು ಅಲ್ಲೇ ಬೆಳೆಯಿತು. ಅಪ್ಪ ಜೈಲು ಸೇರಿದ.

ಈಗ ಹೊರಬಂದು ಶೀತಲಗೃಹವೊಂದರಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದಿದ್ದ. ತಿಂಗಳಿಗೊಮ್ಮೆ ಬಂದು ಜಗಲಿಯಲ್ಲಿ ಕೂತು, ಮಗಳ ಜೊತೆ ಎರಡು ಮಾತಾಡಿ, ಚಹಾ ಕುಡಿದು ಹೋಗುತ್ತಿದ್ದ. ಮೆಣಸಿ ಅವನನ್ನು ನೀವು ಎನ್ನುತ್ತಿದ್ದಳು, ಯಾರೋ ಮೇಷ್ಟರನ್ನು ಮಾತಾಡಿಸಿದ ಹಾಗೆ.

ಮುದುಕರು ಹೋದ ಮೇಲೆ ಅವನು ಒಳಗೆ ಬಂದು ವಿಷಯ ಹೇಳಿದ. ರಜೆಯಲ್ಲಿ ಮಗಳನ್ನು ಆ ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋಗಬೇಕು, ಎರಡು ದಿನ. ಚಿಕ್ಕಿಯೂ ಬರಬೇಕು. ಖರ್ಚೆಲ್ಲ ತನ್ನದು.

ಚಿಕ್ಕಿ ಉಜ್ಜುವ ಚಕ್ರ ನಿಲ್ಲಿಸದೆ, "ಅವಳು ಕೂತ ಗಾಡೀನ ನೀವು ಮುಟ್ಟಕೂಡದು," ಎಂದಳು.

"ಲೈಸೆನ್ಸೇ ಇಲ್ಲ. ಕೊಟ್ಟರೂ ಮುಟ್ಟಲ್ಲ. ಅದಕ್ಕೇ ಪಾರ್ಕಿನವರ ಹೋಟೆಲಲ್ಲೇ ಇರೋಣ ಅಂತ."

ಹಿಂದೆ ಲೋಡು ಹೊರಡುವ ಮುಂಚೆ ದಾರಿ ಯೋಚಿಸುತ್ತಿದ್ದವನ ಹಾಗೇ ಅವನು ಎಲ್ಲ ಯೋಚಿಸಿಟ್ಟಿದ್ದ. ಹೊರಗಿನ ಲಾಡ್ಜುಗಳೆಲ್ಲ ಹೆದ್ದಾರಿಯ ಆಚೆ. ಬೆಳಿಗ್ಗೆ ಸಂಜೆ ಟ್ಯಾಕ್ಸಿ ಹಿಡಿಯಬೇಕು, ಡ್ರೈವರು ಎಂಥವನೋ ಏನೋ. ಪಾರ್ಕಿನ ಹೋಟೆಲಾದರೆ ರೈಲು ಇಳಿದು ಮೇಲುಸೇತುವೆ ದಾಟಿದರೆ ಬಾಗಿಲು. ಅಲ್ಲಿಂದ ಆಟದ ಜಾಗಕ್ಕೆ ನಡೆದೇ ಹೋಗಬಹುದು. ಮಗು ಸುಸ್ತಾದರೆ ಮಧ್ಯಾಹ್ನ ಬಂದು ಮಲಗಬಹುದು. ಹೋಟೆಲಲ್ಲಿ ಇರುವವರನ್ನು ಬೆಳಿಗ್ಗೆ ಬೇರೆಯವರಿಗಿಂತ ಮೊದಲೇ ಒಳಗೆ ಬಿಡುತ್ತಾರಂತೆ. ಕೊನೆಗೆ ಅವನು ಹೇಳಿದ್ದು, "ನಡುವೆ ಎಲ್ಲೂ ರಸ್ತೆ ಇಲ್ಲ."

ಮನೆಗೆ ಬಂದು ಹೇಳಿದಾಗ ಗಂಡ ನಕ್ಕುಬಿಟ್ಟ. ಅವನು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುವವನು. ಒಂದು ಹಾಳೆ ಪೋಲಾದರೂ ಹೊಟ್ಟೆ ಉರಿಸಿಕೊಳ್ಳುವ ಜಾತಿ. ಅಂಥ ಹೋಟೆಲಲ್ಲಿ ಹಾಸಿಗೆಯೇನು ಬಂಗಾರದ್ದಾ, ಕಣ್ಣು ಮುಚ್ಚಿದ ಮೇಲೆ ಎಲ್ಲ ಕೋಣೆಯೂ ಒಂದೇ ಎಂದ. ಲಾಡ್ಜಿನಲ್ಲಿದ್ದರೆ ಅದೇ ಖರ್ಚಿನಲ್ಲಿ ಎರಡು ಸಲ ಹೋಗಿಬರಬಹುದು ಎಂದ. ಆಮೇಲೆ ಏನೋ ಹೊಳೆದವನಂತೆ, ಮಗು ಜೊತೆ ಅಪ್ಪ ಇನ್ನೊಂದು ಸಲ ಹೋಗಿಬರೋದು ನಿನಗೆ ಬೇಕಾ ಎಂದು ಕೇಳಿದ. ಕಳೆದ ಸಲ ಬಂದಾಗ ಭಾವ ವಕೀಲರನ್ನು ಕಂಡುಬಂದ ಮಾತು ಎತ್ತಿದ್ದ. ಮಗಳನ್ನು ನನ್ನ ಹತ್ತಿರ, ಈಗಲೇ ಅಲ್ಲ, ಮುಂದೆ ಯಾವಾಗಲಾದರೂ, ಎಂದು ಅರ್ಧಕ್ಕೇ ನಿಲ್ಲಿಸಿದ್ದ. ಆ ಅರ್ಧ ಮಾತು ಚಿಕ್ಕಿಗೆ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮರುದಿನ ಅಂಗಡಿಯಿಂದ ಆ ಹೋಟೆಲಿಗೆ ಫೋನು ಮಾಡಿದಳು. ಮಕ್ಕಳಿಗೆ ಈಜುಕೊಳ ಇದೆಯಾ, ಬಿಸಿನೀರು ಬರುತ್ತಾ ಎಂದೆಲ್ಲ ಕೇಳಿ, ಕೊನೆಗೆ ಬಾರು ಇದೆಯಾ ಎಂದಳು. ಕೆಳಗಡೆ ಇದೆ ಮೇಡಂ, ಕೋಣೆಯ ಫ್ರಿಜ್ಜಿನಲ್ಲೂ ಸಣ್ಣ ಬಾಟಲಿಗಳು ಇಟ್ಟಿರುತ್ತೇವೆ ಎಂದರು. ಫೋನು ಇಟ್ಟು ಲೆನ್ಸು ಉಜ್ಜುವ ಚಕ್ರ ಮತ್ತೆ ತಿರುಗಿಸಿದಳು. ಎರಡು ದಿನ ಬಾಟಲಿ ಪಕ್ಕದಲ್ಲೇ ಇದ್ದರೆ ಮನುಷ್ಯ ಜಾರದೆ ಇರುತ್ತಾನಾ? ಜಾರಿದರೆ ಜಾರಲಿ. ಮಗಳು ಕಣ್ಣಾರೆ ನೋಡಲಿ. ಆಮೇಲೆ ಯಾವ ವಕೀಲನೂ ಬೇಕಾಗಲ್ಲ. ಸಂಜೆ ಗಂಡನಿಗೆ, ಹೋಟೆಲಲ್ಲೇ ಇರೋದು ವಾಸಿ, ಮಗೂಗೆ ಆರಾಮ ಎಂದಳು. ಗಂಡ ನಂಬಿದ.

ಗಂಡ ಮನೆಯಲ್ಲೇ ಉಳಿದ, ರಜೆಯಲ್ಲಿ ಉಳಿದ ಮೂವರೂ ಹೋದರು. ಹೋಟೆಲು ನಿಜಕ್ಕೂ ಚೆನ್ನಾಗಿತ್ತು. ಕಾರಿಡಾರಿನ ಕಾರ್ಪೆಟ್ಟಿನ ತುಂಬ ಮೀನುಗಳು, ಟವಲನ್ನು ಮಡಚಿ ಮಾಡಿಟ್ಟ ಮೊಲ, ಎಲ್ಲೆಲ್ಲೂ ಈಜುಕೊಳದ ಔಷಧಿ ವಾಸನೆ. ಅಕ್ಕಪಕ್ಕದ ಎರಡು ಕೋಣೆ, ನಡುವೆ ಒಂದು ಬಾಗಿಲು. ಕಿಟಕಿಯಿಂದ ದೊಡ್ಡ ಚಕ್ರ ಕಾಣುತ್ತಿತ್ತು. ಮೆಣಸಿ ಮೂಗನ್ನು ಗಾಜಿಗೆ ಒತ್ತಿ ನಿಂತವಳು ಊಟಕ್ಕೆ ಕರೆದರೂ ಅಲ್ಲಾಡಲಿಲ್ಲ.

ಭಾವ ಕೈಕಾಲು ತೊಳೆಯಲು ಹೋದಾಗ ಚಿಕ್ಕಿ ಅವನ ಕೋಣೆಗೆ ಹೋಗಿ ಫ್ರಿಜ್ಜು ತೆರೆದಳು. ನೀರಿನ ಬಾಟಲಿ ಬಿಟ್ಟರೆ ಖಾಲಿ. ತನ್ನ ಕೋಣೆಯದೂ ಅಷ್ಟೇ. ಕೆಳಗೆ ಹೋಗಿ ಕೌಂಟರಿನ ಹೆಂಗಸನ್ನು ಕೇಳಿದಳು.

"ಸಾರ್ ಮೊದಲೇ ಫೋನ್ ಮಾಡಿ ತೆಗೆಸಿದ್ರು ಮೇಡಂ, ಎರಡೂ ಕೋಣೇದು," ಎಂದು ಆ ಹೆಂಗಸು ದನಿ ತಗ್ಗಿಸಿದಳು. "ನಾನು ಕುಡಿಯಬಾರದವನು, ಅದು ನನ್ನ ಕಣ್ಣಿಗೆ ಬೀಳಬಾರದು ಅಂದ್ರು. ಅಷ್ಟು ನೇರವಾಗಿ ಯಾರೂ ಹೇಳಲ್ಲ."

ಮೆಟ್ಟಿಲು ಹತ್ತುವಾಗ ಚಿಕ್ಕಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನವರನ್ನಷ್ಟೇ ಒಳಗೆ ಬಿಟ್ಟರು. ಅಷ್ಟು ದೊಡ್ಡ ಜಾಗದಲ್ಲಿ ಬೆರಳೆಣಿಕೆಯ ಜನ. ಕಸ ಗುಡಿಸುವವರು ಇನ್ನೂ ಗುಡಿಸುತ್ತಿದ್ದರು. ಸಾಲು ಇಲ್ಲ, ತಳ್ಳಾಟ ಇಲ್ಲ. ಮೆಣಸಿ ಗುಂಡಗೆ ಸುತ್ತುವ ಮರದ ಕುದುರೆಯಿಂದ ಇಳಿದವಳು ಓಡಿಹೋಗಿ ಮತ್ತೆ ಅದೇ ಕುದುರೆ ಹತ್ತುತ್ತಿದ್ದಳು. ಭಾವ ಯಾವುದನ್ನೂ ಹತ್ತಲಿಲ್ಲ. ನೀರಿನ ಬಾಟಲಿ, ಟೋಪಿ, ಬಿಸ್ಕತ್ತಿನ ಚೀಲ ಹೊತ್ತು ಬೇಲಿಯ ಬದಿಗೆ ನಿಂತು, ಅವಳು ಸುತ್ತಿ ಬಂದಾಗೆಲ್ಲ ಕೈ ಎತ್ತುತ್ತಿದ್ದ. ಒಂದು ಸುತ್ತಿನಲ್ಲಿ ಮೆಣಸಿ, "ಅಪ್ಪಾ, ಇಲ್ನೋಡಿ," ಎಂದು ಕೂಗಿದಳು. ಅವಳು ಅವನನ್ನು ಅಪ್ಪಾ ಎಂದದ್ದು ಅದೇ ಮೊದಲು. ಭಾವ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಚಿಕ್ಕಿ ಬೇರೆ ಕಡೆ ನೋಡಿದಳು. ಹೋಟೆಲಿಗೆ ಕೊಟ್ಟ ದುಡ್ಡು ಸಾರ್ಥಕವಾಗಿದ್ದರೆ ಆ ಒಂದು ಹೊತ್ತಿಗೆ, ಅದೂ ಅವನ ಪಾಲಿಗೆ.

ಬಿಸಿಲೇರಿ ಜನ ತುಂಬಿದ ಮೇಲೆ ಅವರು ಕಾರುಗಳ ಆಟದ ಹತ್ತಿರ ಬಂದರು. ಹಳೇ ಕಾಲದ ಮೋಟಾರಿನಂತೆ ಮಾಡಿದ ಪುಟ್ಟ ಕಾರುಗಳು, ಗಿಡಗಳ ನಡುವೆ ಅಂಕುಡೊಂಕು ದಾರಿ. ದಾರಿಯ ನಡುವೆ ಒಂದು ಕಬ್ಬಿಣದ ಹಳಿ. ಗಿಡ್ಡ ಮಕ್ಕಳ ಜೊತೆ ದೊಡ್ಡವರೊಬ್ಬರು ಕೂತು ಪೆಡಲು ಒತ್ತಬೇಕು. ಮೆಣಸಿ ತಂದೆಯ ಕಡೆ ಬೆರಳು ಮಾಡಿ, ಇವರು ಬರಲಿ ಎಂದಳು. ನಾನೇ ಬರ್ತೀನಿ ಎಂದು ಚಿಕ್ಕಿ ಮುಂದೆ ಬಂದಳು. ಚಿಕ್ಕಿ ಹೇಳಿದ್ದೇ ಸರಿ ಎಂದು ಭಾವನೂ ಅಂದ.

"ನಿನಗೆ ಗಾಡಿ ಬಿಡೋಕೆ ಬರಲ್ಲ ಚಿಕ್ಕಿ. ಇವರಿಗೆ ಬರುತ್ತೆ."

ಬೇಡ ಎಂದರೆ ಬೇಡ ಎಂದು ಚಿಕ್ಕಿ ಗದರಿದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮೆಣಸಿ ಇಬ್ಬರನ್ನೂ ಒಮ್ಮೆ ನೋಡಿ, ಅಪ್ಪನಿಗೆ ಹೇಳಿದಳು:

"ನನಗೆ ಗೊತ್ತು. ಅಮ್ಮ ಸತ್ತಾಗ ಕುಡಿದು ಕಾರು ಓಡಿಸ್ತಿದ್ದದ್ದು ನೀವೇ. ನನ್ನ ಕ್ಲಾಸಿನವಳು ಹೇಳಿದಳು. ಆದರೆ ಈ ಕಾರಿಗೆ ಹಳಿ ಇದೆ. ಇದು ಎಲ್ಲೂ ಗುದ್ದಲ್ಲ."

ಭಾವ ಚೀಲವನ್ನು ಚಿಕ್ಕಿಯ ಕೈಗೆ ಕೊಟ್ಟು ಕಾರಿನಲ್ಲಿ ಕೂತ. ಮೊಣಕಾಲು ಎದೆಗೆ ತಾಗುವಷ್ಟು ಚಿಕ್ಕ ಕಾರು. ಮೊದಲ ತಿರುವಿನವರೆಗೂ ಚೆನ್ನಾಗಿಯೇ ಹೋಯಿತು. ಮೆಣಸಿ ನಗುತ್ತಿದ್ದದ್ದು ಬೇಲಿಯವರೆಗೆ ಕೇಳುತ್ತಿತ್ತು. ದಾರಿಯ ನಡುವೆ ಒಂದು ಆಟಿಕೆ ಸೇತುವೆ ಕಟ್ಟಿದ್ದರು, ಎರಡೂ ಕಡೆ ಮೊಳದೆತ್ತರದ ಗೋಡೆ. ಅದರ ಹತ್ತಿರ ಬಂದಾಗ ಕಾರು ನಿಂತಿತು. ಹಿಂದಿನ ಕಾರು ಬಂದು ತಾಗಿತು, ಅದಕ್ಕೆ ಇನ್ನೊಂದು. ಆಟ ನೋಡಿಕೊಳ್ಳುವವನು ಪೆಡಲು ಒತ್ತಿ ಸಾರ್ ಎಂದು ಕೂಗಿದ. ಭಾವ ಸ್ಟೇರಿಂಗ್ ಹಿಡಿದವನು ಹಾಗೇ ಕಲ್ಲಾಗಿದ್ದ. ಪಕ್ಕದಲ್ಲಿ ಮೆಣಸಿ ಅಳಲು ಶುರುಮಾಡಿದಳು.

ಬೆರಳು ಒಂದೊಂದಾಗಿ ಬಿಡಿಸಿ ಅವನನ್ನು ಎತ್ತಬೇಕಾಯಿತು. ನಾಲ್ಕು ಹೆಜ್ಜೆ ನಡೆದು, ಬೇಲಿ ಹಿಡಿದು, ಬೆಳಿಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡಿದ. ಕಾಲು ನಿಲ್ಲುತ್ತಿರಲಿಲ್ಲ. ಬೆಳ್ಳಂಬೆಳಿಗ್ಗೆಯೇ ಏರಿಸಿದ್ದಾನೆ, ಮಕ್ಕಳು ಬರುವ ಜಾಗ ಎಂಬ ಖಬರೂ ಇಲ್ಲ ಎಂದು ಯಾರೋ ಅಂದರು. ಆ ಮಾತು ಸಾಲಿನುದ್ದಕ್ಕೂ ಹೋಯಿತು. ಗಾರ್ಡು ಬಂದ. ಅವನು ಒರಟನಲ್ಲ. ಚಿಕ್ಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ನಿಮ್ಮವರಾ? ಕುಡಿದಿದ್ದಾರಾ?"

ಮೆಣಸಿ ಅವಳ ಸೆರಗು ಹಿಡಿದು ಮುಖ ನೋಡುತ್ತಿದ್ದಳು. ಖಾಲಿ ಫ್ರಿಜ್ಜು ಚಿಕ್ಕಿಯ ಕಣ್ಣ ಮುಂದೆ ಬಂತು. ಕೌಂಟರಿನ ಹೆಂಗಸಿನ ಮಾತೂ ನೆನಪಾಯಿತು. ಎಲ್ಲ ನೆನಪಾಗಿಯೂ ಅವಳು, "ನನಗೆ ಗೊತ್ತಿಲ್ಲ," ಎಂದಳು.

ಭಾವ ತಲೆ ಎತ್ತಿ ಅವಳನ್ನು ನೋಡಿದ. ಕುಡಿದಿಲ್ಲ ಎಂದು ಅವನೇ ಹೇಳಬಹುದಿತ್ತು. ತೋಳಿನಿಂದ ಬಾಯಿ ಒರೆಸಿಕೊಂಡು ಗಾರ್ಡಿನ ಜೊತೆ ನಡೆದುಹೋದ. ಮೆಣಸಿ ಸೆರಗು ಬಿಟ್ಟು, ಅವನು ಹೋದ ಕಡೆಯೇ ನೋಡುತ್ತಾ, ಮತ್ತೆ ಕುಡಿದರಾ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಅವರು ಕೋಣೆಗೆ ಬರುವಷ್ಟರಲ್ಲಿ ಪಕ್ಕದ ಕೋಣೆ ಖಾಲಿಯಾಗಿತ್ತು. ಹೊದಿಕೆಯನ್ನು ಅವನೇ ಮಡಚಿಟ್ಟಿದ್ದ, ಜೈಲಿನಲ್ಲಿ ಕಲಿತ ಅಚ್ಚುಕಟ್ಟಿನಲ್ಲಿ. ಎರಡನೆಯ ದಿನಕ್ಕೂ ದುಡ್ಡು ಕಟ್ಟಿಯಾಗಿತ್ತು. ಹೋಗೋಣ ಬಾ, ಇನ್ನೂ ಎಷ್ಟೋ ಆಟ ಇದೆ ಎಂದು ಚಿಕ್ಕಿ ಮರುದಿನ ಬೆಳಿಗ್ಗೆ ಎಷ್ಟು ಪುಸಲಾಯಿಸಿದರೂ ಹುಡುಗಿ ಹಾಸಿಗೆ ಬಿಟ್ಟು ಏಳಲಿಲ್ಲ. ಕೆಳಗೆ ಬೇರೆ ಮಕ್ಕಳ ಕೂಗು ಕೇಳುತ್ತಿತ್ತು. ಚಿಕ್ಕಿ ಪರದೆ ಎಳೆದಳು. ಕತ್ತಲಾದ ಕೋಣೆಯಲ್ಲಿ ಹುಡುಗಿಯ ಉಸಿರು ಕೇಳುತ್ತಾ ಕೂತು, ಕೊನೆಗೆ ತಡೆಯಲಾರದೆ ಹೇಳಿಬಿಟ್ಟಳು. ಅಪ್ಪ ಕುಡಿದಿರಲಿಲ್ಲ, ಕುಡಿಯಬಾರದು ಎಂದೇ ಬಾಟಲಿಗಳನ್ನೆಲ್ಲ ತೆಗೆಸಿದ್ದರು, ಅದು ತನಗೆ ಮೊದಲೇ ಗೊತ್ತಿತ್ತು.

ಮೆಣಸಿ ಎದ್ದು ಕೂತಳು. "ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ?"

ಚಿಕ್ಕಿ ಎದ್ದು, ಎಳೆದಿದ್ದ ಪರದೆಯನ್ನು ಮತ್ತೆ ಸರಿಸಿದಳು.

ಭಾವ ಆಮೇಲೆ ಬರಲಿಲ್ಲ. ವಕೀಲರ ಕಡೆಯಿಂದಲೂ ಸುದ್ದಿ ಇಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಮಳೆ ಶುರುವಾದ ಮೇಲೆ ಒಂದು ದಿನ ಚಿಕ್ಕಿ ರಜೆ ಹಾಕಿ ಅವನು ಕೆಲಸ ಮಾಡುವ ಜಾಗಕ್ಕೆ ಹೋದಳು. ಬಾಗಿಲು ತೆರೆದಾಗೆಲ್ಲ ಬಿಳಿ ಹಬೆ ಅಂಗಳಕ್ಕೆ ಹರಿಯುತ್ತಿತ್ತು. ಅವನು ದಪ್ಪ ಕೋಟು, ಕೈಗವಸುಗಳಲ್ಲೇ ಹೊರಬಂದ. ಮುಖ ಇನ್ನಷ್ಟು ಇಳಿದಿತ್ತು. ಅವಳು ಬಂದ ಕಾರಣ ಹೇಳಿಕೊಂಡಳು. ತಪ್ಪಾಯಿತು, ಮಗುವಿಗೆ ಎಲ್ಲ ತಿಳಿಸಿದ್ದೇನೆ, ಬನ್ನಿ ಎಂದಳು.

"ನಾನು ಕುಡಿದಿಲ್ಲ ಅಂತ ನಿನಗೆ ಗೊತ್ತಿತ್ತು, ಅದು ನನಗೂ ಗೊತ್ತಿತ್ತು," ಎಂದ ಭಾವ. "ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಅಕ್ಕನ್ನ ಕೊಂದವನು ನಾನು, ನೀನು ಒಂದು ಮಾತು ನುಂಗಿದೆ. ಸರಿ ಹೋಯ್ತು ಅಂತಲ್ಲ, ಹೋಗಲಿ ಬಿಡು."

"ಹಾಗಾದ್ರೆ ಬನ್ನಿ. ಕೇಳ್ತಾಳೆ ಅವಳು."

ಅವನು ಕೈಗವಸು ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಸೇತುವೆ ಹತ್ತಿರ ಬಂದಾಗ ಅವಳು ಎರಡೂ ಕೈ ಮುಂದೆ ಚಾಚಿ ಹಿಡ್ಕೊಂಡಳು. ನಗ್ತಾನೇ ಹಿಡ್ಕೊಂಡಳು. ಅವತ್ತು ಅವಳಮ್ಮ ಹಿಡ್ಕೊಂಡಿದ್ದೂ ಹಾಗೇ. ಇನ್ನೊಂದು ಸಲ ಅವಳ ಪಕ್ಕದಲ್ಲಿ ಕೂರೋಕೆ ನನ್ನಿಂದ ಆಗಲ್ಲ. ನಿನ್ನ ಹತ್ತಿರಾನೇ ಇರಲಿ."

ಒಳಗಿನಿಂದ ಯಾರೋ ಕರೆದರು. ಅವನು ಹೋದ. ಚಿಕ್ಕಿಗೆ ಬೇಕಾಗಿದ್ದದ್ದೇ ಸಿಕ್ಕಿತ್ತು, ಕೋರ್ಟು ಕಚೇರಿ ಇಲ್ಲದೆ. ಅವಳು ಆ ಅಂಗಳದಲ್ಲಿ ಮಳೆಗೆ ನೆನೆಯುತ್ತಾ, ಬಸ್ಸು ಬಂದು ಹೋದದ್ದೂ ತಿಳಿಯದೆ ನಿಂತಿದ್ದಳು.

ಮನೆಯಲ್ಲಿ ಮೆಣಸಿ ಊಟದ ತಟ್ಟೆ ಮುಂದೆ ಕೂತಿದ್ದಳು. ಸಿಕ್ಕಿದರಾ ಎಂದು ಕೇಳಿದಳು. ಚಿಕ್ಕಿ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಸಿಕ್ಕಿದರು, ಇನ್ನು ಬರಲ್ಲ ಅಂದರು, ಯಾಕೆ ಅಂದರೆ ಹೀಗೆ ಎಂದು ಹೇಳಿದಳು. ಹುಡುಗಿ ತುತ್ತು ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು.

"ಅವತ್ತು ಅಷ್ಟು ಜನರ ಮುಂದೆ ನೀವು, ಅವರು ಕುಡಿದಿಲ್ಲ ಅಂದಿದ್ದರೆ, ಅವರು ಹೋಟೆಲಲ್ಲೇ ಇರ್ತಿದ್ರಾ?"

ನೀನು ಎನ್ನುತ್ತಿದ್ದ ಬಾಯಿ ನೀವು ಎಂದದ್ದನ್ನು ಗಂಡನೂ ಗಮನಿಸಿದ. ತಟ್ಟೆಯಿಂದ ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ಇರ್ತಿದ್ರೇನೋ," ಎಂದಳು ಚಿಕ್ಕಿ.

ಹುಡುಗಿ ತಲೆಯಾಡಿಸಿ ತುತ್ತು ಬಾಯಿಗಿಟ್ಟಳು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ತನ್ನ ಹಾಸಿಗೆಯನ್ನು ಚಿಕ್ಕಿಯ ಪಕ್ಕದಿಂದ ಎಳೆದುಕೊಂಡು ಹೋಗಿ ಹೊರಗಿನ ಕೋಣೆಯಲ್ಲಿ ಹಾಸಿಕೊಂಡಳು. ಬಾಗಿಲು ಮಾತ್ರ ಹಾಕಲಿಲ್ಲ.