ಅಳತೆಗೆ ಕೊಟ್ಟ ತಲೆ

ಯಾವ ಬಾಗಿಲ ಮುಂದೆ ನಿಂತರೂ, ಅದು ಇಗರ್ಜಿಯದಿರಲಿ, ಬ್ರೆಡ್ಡಿನ ಅಂಗಡಿಯದಿರಲಿ, ವೀಬೆ ಟೆರ್ಪ್‌ಸ್ಟ್ರಾ ಎಡ ಎದೆ, ಬಲ ಎದೆ, ಎರಡು ತೊಡೆ ಎಂದು ನಾಲ್ಕು ಕಡೆ ಜೇಬು ತಟ್ಟಿ ನೋಡಿಕೊಳ್ಳದೆ ಒಳಗೆ ಕಾಲಿಡುತ್ತಿರಲಿಲ್ಲ. ಮಿದುಳಿನ ಚಿತ್ರ ತೆಗೆಯುವ ಯಂತ್ರವೆಂದರೆ ದೈತ್ಯ ಅಯಸ್ಕಾಂತ. ಅದರ ಕೋಣೆಗೆ ಕಬ್ಬಿಣದ ಚೂರನ್ನೂ ಒಯ್ಯಬಾರದೆಂಬ ನಿಯಮವನ್ನು ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿ, ಜಗತ್ತಿನ ಬಾಗಿಲುಗಳೆಲ್ಲ ಅವನಿಗೆ ಆ ಒಂದೇ ಬಾಗಿಲಾಗಿಬಿಟ್ಟಿದ್ದವು. ಅವನ ಕಂದು ಕೋಟಿನ ಗುಂಡಿಗಳು ಮರದವು. ಹೆಂಡತಿ ಅಫ್ಕೆ ಹೊಲಿದದ್ದು. "ಮದುವೆ ಉಂಗುರ ಮನೇಲಿ ಬಿಟ್ಟು ಊರೂರು ಸುತ್ತೋ ಗಂಡ ನನಗೊಬ್ಬಳಿಗೇ ಇರೋದು" ಎಂದು ಅವಳು ಹಂಗಿಸುತ್ತಿದ್ದಳು.

ಸುತ್ತುತ್ತಿದ್ದುದೇನೋ ನಿಜ. ಗ್ರೋನಿಂಗೆನ್ ಊರಿನ ನಾವೂ ಸೇರಿ ಏಳು ದೇಶಗಳ ಏಳು ಕೇಂದ್ರಗಳವರು ಒಟ್ಟಾಗಿ ಮರೆವಿನ ರೋಗವನ್ನು ಅಭ್ಯಸಿಸುತ್ತಿದ್ದೆವು. ಏಳು ಯಂತ್ರಗಳು ಒಂದೇ ಮಿದುಳನ್ನು ಏಳು ಬಗೆಯಾಗಿ ಕಾಣುತ್ತವೆ. ಅವುಗಳ ನೋಟವನ್ನು ಒಂದೇ ತಕ್ಕಡಿಗೆ ತರಬೇಕಾದರೆ ಒಬ್ಬನೇ ಮನುಷ್ಯ ಏಳರಲ್ಲೂ ಮಲಗಿ ಬರಬೇಕು. ನಮ್ಮ ಯಂತ್ರ ನಡೆಸುತ್ತಿದ್ದ ವೀಬೆ ತಾನೇ ಮಲಗುತ್ತೇನೆಂದ. ಹನ್ನೆರಡು ವರ್ಷ, ಪ್ರತಿ ಶರತ್ಕಾಲದಲ್ಲಿ, ಲವಂಗ ಹಾಕಿದ ತನ್ನೂರಿನ ಚೀಸನ್ನು ಎಲ್ಲರಿಗೂ ಹಂಚಲು ಚೀಲಕ್ಕೆ ತುಂಬಿಕೊಂಡು, ಓಸ್ಲೊ, ಆರ್ಹಸ್, ಲೀಜ್ ಎಂದು ರೈಲಿನಲ್ಲಿ ತನ್ನ ತಲೆಯನ್ನು ಹೊತ್ತು ತಿರುಗಿದ. ಒಳಗೆ ಮಲಗಿದನೆಂದರೆ ಕಲ್ಲು. ಓಸ್ಲೊದವರು ಅವನಿಗೆ ಗಜಕಡ್ಡಿ ಎಂದೇ ಹೆಸರಿಟ್ಟಿದ್ದರು. ಹೊರಬಂದು ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಂತ್ರ ಹೇಗಿದೆ?"

"ನಿನ್ನ ತಲೆ ಹೇಗಿದೆ ಅಂತ ಕೇಳೋಲ್ವೇನೋ?" ಎಂದು, ಅಳತೆಗಳ ಲೆಕ್ಕ ನೋಡುತ್ತಿದ್ದ ನಾನೊಮ್ಮೆ ಕೆಣಕಿದೆ.

"ನನ್ನ ತಲೆ ಇದ್ದ ಹಾಗೇ ಇರುತ್ತೆ, ಹಿಲ್ಡೆ. ಅದಕ್ಕೇ ಅಲ್ವಾ ನೀವು ನನ್ನ ಕಳಿಸೋದು?"

ನಾವೆಲ್ಲ ಅದನ್ನೇ ನಂಬಿದ್ದೆವು. ಹತ್ತನೆಯ ವರ್ಷ, ನೆನಪಿಗೆ ಆಧಾರವಾದ ಮಿದುಳಿನ ಪುಟ್ಟ ಭಾಗವೊಂದು ಅವನ ಚಿತ್ರಗಳಲ್ಲಿ ಹಿಂದಿಗಿಂತ ಕಿರಿದಾಗಿ ಕಂಡಿತು, ಏಳೂ ಊರುಗಳಲ್ಲಿ. ಆ ಬೇಸಿಗೆಯಲ್ಲಿ ಏಳೂ ಯಂತ್ರಗಳಿಗೆ ಹೊಸ ತಂತ್ರಾಂಶ ಹಾಕಿದ್ದೆವು. ದೋಷ ಅದರದ್ದೇ ಎಂದು ನಿಶ್ಚಯಿಸಿ, ವೀಬೆಯ ತಲೆ ಮೊದಲಿನಷ್ಟೇ ಕಾಣುವಂತೆ ಅಂಕಿಗಳನ್ನು ತಿದ್ದಿದವಳು ನಾನು. ಮರುವರ್ಷ ಇನ್ನಷ್ಟು ತಿದ್ದಿದೆ. ರೋಗಿಗಳ ಚಿತ್ರಗಳನ್ನು ವೈದ್ಯರು ಒಂದೊಂದಾಗಿ ನೋಡುತ್ತಿದ್ದರು; ವೀಬೆಯವು ಬರೀ ಯಂತ್ರಪರೀಕ್ಷೆಯ ಚಿತ್ರಗಳು, ಅವನ್ನು ವೈದ್ಯರಿಗೆ ತೋರಿಸುವ ಪದ್ಧತಿಯೇ ನಮ್ಮಲ್ಲಿರಲಿಲ್ಲ.

ಆ ಚಳಿಗಾಲ ಅವರ ಮನೆಯಲ್ಲಿ ಬಟಾಣಿ ಸೂಪಿನ ಊಟ. ವೀಬೆ ಎದ್ದುಹೋದದ್ದನ್ನು ನೋಡಿ ಅಫ್ಕೆ ತಗ್ಗಿದ ದನಿಯಲ್ಲಿ ಹೇಳಿದಳು: "ಮೊನ್ನೆ ತನ್ನ ತಂಗಿ ಹೆಸರೇ ಮರೆತಿದ್ದ ಕಣೇ. ನಂಗೆ ಭಯ ಆಗುತ್ತೆ. ಆದ್ರೆ ನೀವು ವರ್ಷ ವರ್ಷ ಇವನ ತಲೇನೇ ನೋಡ್ತಿರ್ತೀರಲ್ಲ, ಏನಾದ್ರೂ ಇದ್ದಿದ್ರೆ ಹೇಳ್ತಿದ್ರಿ, ಅಲ್ವಾ?"

"ಇದ್ದಿದ್ರೆ ಕಾಣದೇ ಇರುತ್ತಾ?" ಎಂದೆ. ಆ ಮಾತನ್ನು ಇಂದಿಗೂ ನುಂಗಲಾರೆ, ಉಗುಳಲಾರೆ. ಅವಳು ಹಗುರಾಗಿ ನಕ್ಕು ನನಗೆ ಇನ್ನೊಂದು ಸೌಟು ಬಡಿಸಿದಳು.

ಹನ್ನೆರಡನೆಯ ಶರತ್ಕಾಲದಲ್ಲಿ, ನಮ್ಮದೇ ಕೋಣೆಯ ಬಾಗಿಲಲ್ಲಿ, ವೀಬೆ ಜೇಬು ತಟ್ಟಿಕೊಳ್ಳದೆ ಒಳನಡೆದ. ಸೈಕಲ್ಲಿನ ಕೀಲಿ ಅವನ ಜೇಬಿನಿಂದ ಹಾರಿ ಯಂತ್ರಕ್ಕೆ ಕಚ್ಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ, ಅವನು ಮಾತ್ರ ಅದು ಯಾರ ಕೀಲಿಯೋ ಎಂಬಂತೆ ನೋಡುತ್ತ ನಿಂತ. ನನ್ನ ತಿದ್ದುಪಡಿಗಳನ್ನೆಲ್ಲ ತೆಗೆದುಹಾಕಿ, ಹನ್ನೆರಡು ವರ್ಷದ ಚಿತ್ರಗಳನ್ನು ಸಾಲಾಗಿ ವೈದ್ಯರ ಮುಂದಿಟ್ಟೆ. ಅವರು ಹತ್ತನೆಯದರ ಮೇಲೆ ಬೆರಳಿಟ್ಟು, "ಇಲ್ಲೇ ಶುರುವಾಗಿದೆಯಲ್ಲ" ಎಂದರು. ದೀಪದ ಬುಡದಲ್ಲೇ ಕತ್ತಲೆ. ರೋಗವನ್ನು ತಡೆಯಲು ಆಗುತ್ತಿತ್ತೋ ಇಲ್ಲವೋ. ಆದರೆ ಅಫ್ಕೆಗೆ ತಿಳಿದಿದ್ದರೆ, ಹೆಸರುಗಳು ಬಹುಮಟ್ಟಿಗೆ ಇನ್ನೂ ಅವನ ಬಳಿಯಿದ್ದ ಆ ಎರಡು ವರ್ಷ ಅವನನ್ನು ರೈಲು ಹತ್ತಿಸದೆ ತನ್ನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಅಷ್ಟನ್ನು ನಾನು ಅವರಿಂದ ಕಿತ್ತುಕೊಂಡೆ.

ಹೇಳಲು ನಾನೇ ಹೋದೆ. ಎಲ್ಲ ಕೇಳಿ ಅಫ್ಕೆ ನನಗೆ ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತಳು. ವೀಬೆ ನನ್ನ ಹೆಸರಿಗಾಗಿ ತಡಕಾಡಿ, ಅದು ಸಿಗದೆ ಹಾಗೆಯೇ ಕೇಳಿದ:

"ಹಾಗಾದ್ರೆ ಯಂತ್ರ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು, ವೀಬೆ."

ಅವನ ಮುಖದಲ್ಲಿ ನೆಮ್ಮದಿ ಮೂಡಿತು.

ಹಲವು ದೇಶಗಳು ಕೈಜೋಡಿಸಿದ ಕೆಲಸಗಳ ಬುಡದಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಮಿಕ್ಕವರು ಒಬ್ಬರನ್ನೊಬ್ಬರು ನಂಬುವುದಕ್ಕಾಗಿ ತನ್ನನ್ನೇ ಅಳತೆಗೆ ಕೊಟ್ಟು, ಅದಲ್ಲದೆ ತನಗೆ ಬೇರೆ ಬೆಲೆಯಿಲ್ಲವೆಂಬಂತೆ ಬದುಕುತ್ತಾನೆ. ಅವನೂ ಸವೆಯುವ ಮನುಷ್ಯನೆಂಬುದು ಯಾರಿಗೂ ಹೊಳೆಯುವುದಿಲ್ಲ. ಹನ್ನೆರಡು ವರ್ಷ, ಏಳು ಊರು, ನಾವು ವೀಬೆಯ ಮೂಲಕ ಎಲ್ಲವನ್ನೂ ನೋಡಿದೆವು. ಒಮ್ಮೆಯಾದರೂ ವೀಬೆಯನ್ನು ನೋಡಬೇಕಿತ್ತು.