ಬೀಗದ ಕೈ ಚೆಲುವಮ್ಮನ ಸೊಂಟದಲ್ಲಿ

ಅಕ್ಕಂದಿರೇ, ಅಣ್ಣಂದಿರೇ, ತ್ರೀ ಫೇಸ್ ಕರೆಂಟಿಗೆ ಕಾಯುವ ಕಷ್ಟ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲೆ ಸಾರು ಕುದಿಯುವಾಗಲೇ ಅದು ಬರುತ್ತದೆ. ಸಾರು ಇಳಿಸಿ ಮೋಟರು ಹಾಕಲು ಜಮೀನಿಗೆ ಓಡಿದರೆ ಅಷ್ಟರಲ್ಲಿ ಹೋಗಿರುತ್ತದೆ. ನಮ್ಮ ಸಿಂಧಘಟ್ಟದಲ್ಲಿ ಈ ಓಟ ಓಡಿದವರೆಲ್ಲ ಹೆಂಗಸರೇ. ಗಂಡಸರೂ ಓಡಿದ್ದಾರೆ ಅಂತ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ನನ್ನ ಹೆಸರು ಮಾನಸ. ನಮ್ಮ ಸಂಘದಲ್ಲಿ ಓದಿ ಹೇಳುವ ಕೆಲಸ ನನ್ನದು. ನನಗೆ ಕೋಪ ಬೇಗ ಬರುತ್ತದೆ, ಬಂದದ್ದನ್ನು ಬಚ್ಚಿಟ್ಟುಕೊಳ್ಳಲೂ ಬರುವುದಿಲ್ಲ. ಇವತ್ತು ಹೇಳುವುದು ನಮ್ಮ ಪಕ್ಕದ ಜಮೀನಿನ ಕಾಳಪ್ಪಣ್ಣ ಮತ್ತು ಅವನ ಹೆಂಡತಿ ಚೆಲುವಮ್ಮನ, ಅಂದರೆ ನಮ್ಮ ಚೆಲುವಕ್ಕನ ವಿಷಯ. "ಹೇಳು ಮಾನಸ, ನಮ್ಮ ಹೆಸರು ಇಟ್ಟೇ ಹೇಳು" ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಕಾಳಪ್ಪಣ್ಣ ಕಮ್ಮಾರ. ಊರಿನ ಕುಡುಗೋಲು, ಗುದ್ದಲಿ, ಮಚ್ಚು ಎಲ್ಲಾ ಅವನ ಕುಲುಮೆಯಲ್ಲೇ ತಯಾರಾಗುವುದು. ಅವನು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟರೆ, ಎದುರಿಗೆ ನಿಂತು ಸಮ್ಮಟಿಗೆ ಬೀಸುವವಳು ಚೆಲುವಕ್ಕ. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದಿದೆ. ಆ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಇಕ್ಕಳ ಹಿಡಿದವನು ಸಣ್ಣ ಸುತ್ತಿಗೆಯಿಂದ ಟಿಣ್ ಅಂತ ತಟ್ಟಿದ ಮೇಲೆಯೇ ಸಮ್ಮಟಿಗೆ ಇಳಿಯಬೇಕು. ಕೈ ಇಟ್ಟವನ ಅಪ್ಪಣೆ ಇಲ್ಲದೆ ಹೊಡೆಯುವವರು ಹೊಡೆಯುವ ಹಾಗಿಲ್ಲ. ಚೆಲುವಕ್ಕ ಒಂದು ದಿನವೂ ಅದನ್ನು ಮೀರಿದವಳಲ್ಲ.

ಹೋದ ವರ್ಷ ಕಾಳಪ್ಪಣ್ಣ ಬಾವಿಯ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ. ಎಲ್ಲೇ ಇದ್ದರೂ ಫೋನಿನಲ್ಲಿ ಗುಂಡಿ ಒತ್ತಿದರೆ ಸಾಕು, ಇಲ್ಲಿ ಮೋಟರು ಓಡುತ್ತದೆ. ನಿಜ ಹೇಳಬೇಕೆಂದರೆ ನಮಗೆಲ್ಲ ಹೊಟ್ಟೆಕಿಚ್ಚಾಯಿತು. ಚೆಲುವಕ್ಕನ ಓಟ ನಿಂತಿತು. ಕಾಳಪ್ಪಣ್ಣನ ಜಂಬ ಶುರುವಾಯಿತು. ಅಂಗಡಿ ಮುಂದೆ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಕೂತರೂ ಫೋನು ತೆಗೆದು ತೋರಿಸುವುದೇ ಕೆಲಸ.

ಆ ದಿನ ಅವನು ಬೆಳ್ಳೂರು ಕ್ರಾಸಿಗೆ ಹೋಗಿದ್ದ. ಇಲ್ಲಿ ಮೋಟರು ಗುಂಯ್ ಅನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ನಾನು ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದೆ. ಚೆಲುವಕ್ಕ ಸ್ಪೀಕರ್ ಹಾಕಿ ಗಂಡನಿಗೆ ಫೋನು ಮಾಡಿದಳು.

"ಮೋಟರು ಜಾಮ್ ಆಗೈತೆ. ಆಫ್ ಮಾಡು, ಕೈಲಿ ತಿರುಗ್ಸಿ ನೋಡ್ತೀನಿ."

"ಆಫ್ ಮಾಡ್ದೆ ಕಣಮ್ಮಿ. ಫೋನಲ್ಲಿ ಆಫ್ ಅಂತ್ಲೇ ತೋರಿಸ್ತಾ ಐತೆ. ನೀನು ತಿರುಗ್ಸು."

ಮೋಟರು ಸುಮ್ಮನಾಯಿತು. ಚೆಲುವಕ್ಕ ಬಗ್ಗಿ ಕೂತು, ಮೋಟರಿಗೂ ಪಂಪಿಗೂ ನಡುವಿನ ಶಾಫ್ಟನ್ನು ಹಿಡಿದು ತಿರುಗಿಸಲು ಶುರು ಮಾಡಿದಳು. ಮೇನ್ ಸ್ವಿಚ್ಚಿನ ಹಿಡಿ ಮೇಲೆಯೇ, ಆನ್ ಆಗಿಯೇ ಇತ್ತು. ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ನಾನೂ ಎಷ್ಟೋ ಸಲ ಹಾಗೇ ಕೈ ಹಾಕಿದವಳೇ.

ಕಾಲು ಗಂಟೆ ಕಳೆದಿರಬೇಕು, ಶಾಫ್ಟು ಸಡಿಲವಾಗಿ ತಿರುಗತೊಡಗಿತ್ತು. ಅಲ್ಲಿ ಕ್ರಾಸಿನ ಹೋಟೆಲಿನಲ್ಲಿ ಕಾಳಪ್ಪಣ್ಣನಿಗೆ ಟೈರ್ ಅಂಗಡಿಯ ಧರ್ಮೇಂದ್ರ ಸಿಕ್ಕಿದ್ದನಂತೆ. ಅವರ ಮಾತು ನಮಗೆ ಗೊತ್ತಾಗಿದ್ದು ಆಮೇಲೆ.

"ಅದೇನೋ ಫೋನಲ್ಲೇ ಮೋಟರು ಹಾಕ್ತೀಯಂತೆ! ಬರೀ ಬುರುಡೆ ಬುಡ್ತೀಯ ಕಣ್ಲಾ ನೀನು."

"ಬುರುಡೆನಾ? ನೋಡ್ಲಾ ಇಲ್ಲಿ!" ಅಂದವನೇ ಗುಂಡಿ ಒತ್ತಿಬಿಟ್ಟ. ಹೆಂಡತಿಯ ಕೈ ಮೋಟರಿನ ಮೇಲಿದೆ ಅನ್ನುವುದು ಟೀ ಲೋಟದ ಮುಂದೆ ಮರೆತೇಹೋಗಿತ್ತು.

ಇಲ್ಲಿ ಮೋಟರು ಗುರ್ ಅಂತ ಎದ್ದಿತು. ಚೆಲುವಕ್ಕ ಕೈ ಎಳೆದುಕೊಂಡಳು, ಸೆರಗು ಸಿಕ್ಕಿಕೊಂಡಿತು. ಶಾಫ್ಟು ಸೆರಗನ್ನು ಸುತ್ತಿಕೊಂಡು ಎಳೆಯತೊಡಗಿತು. ಅವಳ ಕುತ್ತಿಗೆ ಬಿಗಿದು ಕೂಗಲೂ ಆಗಲಿಲ್ಲ. ಕುಡುಗೋಲು ಎಸೆದು ನಾನು ಓಡಿದ್ದು ಅವಳ ಕಡೆಗಲ್ಲ, ಮೇನ್ ಸ್ವಿಚ್ಚಿನ ಕಡೆಗೆ. ಅದು ಯಾಕೆ ಹಾಗೆ ತೋಚಿತೋ ದೇವರಿಗೇ ಗೊತ್ತು. ಹಿಡಿ ಕೆಳಗೆಳೆದೆ. ಮೋಟರು ನಿಂತಿತು. ಸೀರೆ ಅರ್ಧ ಹರಿದಿತ್ತು, ಬಳೆ ಒಡೆದು ಮುಂಗೈ ತುಂಬಾ ರಕ್ತ. ಕುತ್ತಿಗೆಯ ಸುತ್ತ ಹಗ್ಗ ಬಿಗಿದ ಹಾಗೆ ಕೆಂಪು ಬರೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಈ ಕಥೆ ಹೇಳಲು ಒಪ್ಪಿಗೆ ಕೊಡುವವಳೇ ಇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಸುದ್ದಿ ಕೇಳಿ ಸಂಜೆಗೆ ಕಾಳಪ್ಪಣ್ಣನೂ ಬಂದ. ಮುಖ ಸುಣ್ಣವಾಗಿತ್ತು. ನೆಟ್ಟಗೆ ಕುಲುಮೆಗೆ ಹೋಗಿ ದೊಡ್ಡ ಸುತ್ತಿಗೆ ಎತ್ತಿಕೊಂಡ.

"ಆ ಹಾಳು ಪೆಟ್ಟಿಗೇನ ಇವತ್ತೇ ಪುಡಿ ಮಾಡ್ಬುಡ್ತೀನಿ!"

"ಪೆಟ್ಟಿಗೆ ಏನಪ್ಪಾ ಮಾಡ್ತು? ಓಡು ಅಂದೆ, ಓಡ್ತು." ಅಡ್ಡ ನಿಂತವಳು ಅವನ ಮಗಳು ಕೀರ್ತನ. ಕೆ.ಆರ್. ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ಕಾಲೇಜಿನಲ್ಲಿ ಗೆಳತಿಯರ ಜೊತೆ ಸೇರಿ ಒಂದು ಪುಟ್ಟ ರೋಬೋ ಗಾಡಿಯನ್ನೂ ಕಟ್ಟಿದ್ದಾಳೆ.

"ಮತ್ತೆ ಮೊದ್ಲು ನಾನು ಆಫ್ ಮಾಡಿದ್ನಲ್ಲಮ್ಮಾ?"

"ಫೋನಲ್ಲಿ ಆಫ್ ಅಂದ್ರೆ ಮೋಟರು ಈಗ ತಿರುಗ್ತಿಲ್ಲ ಅಂತ, ಅಷ್ಟೇಯ. ಕರೆಂಟು ಸ್ಟಾರ್ಟರ್ ತಂಕ ಬಂದು ಕಾಯ್ತಾ ಕುಂತಿರ್ತದೆ. ನೀನು ಒತ್ತಿದ್ರೂ ಓಡ್ತದೆ. ಅದನ್ನ ಆಟೋ ಮೋಡಲ್ಲಿ ಇಟ್ಟಿದ್ರೆ ಯಾರೂ ಒತ್ತದೇನೂ ಓಡ್ತದೆ, ಕರೆಂಟು ಹೋಗಿ ಬಂದ್ರೆ ಸಾಕು. ಮೇನ್ ಸ್ವಿಚ್ಚು ಇಳಿಸ್ದೆ ಮೋಟರು ಮುಟ್ಟಂಗೇ ಇಲ್ಲ."

ಕಾಳಪ್ಪಣ್ಣ ಸುತ್ತಿಗೆ ಕೆಳಗಿಟ್ಟ. ಗಂಡಸರು ಹೇಳುವ ಮಾತನ್ನೇ ಹೇಳಿದ. "ಆಯ್ತು ಬುಡು. ಒಂದ್ಸಲ ಮರ್ತೆ. ಇನ್ಮೇಲೆ ಗ್ಯಾನ ಇಟ್ಕೋತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಚೆಲುವಕ್ಕ ಎದ್ದು ನಿಂತಳು. ದನಿ ಇನ್ನೂ ಒಡೆದಿತ್ತು.

"ಕೀರ್ತನನಪ್ಪಾ, ಇಪ್ಪತ್ತೆರಡು ವರ್ಸದಿಂದ ನಿನ್ನ ಕೈ ಅಡಿಗಲ್ಲಿನ ಮ್ಯಾಲೆ ಐತೆ, ನನ್ನ ಕೈಲಿ ಸಮ್ಮಟಿಗೆ ಐತೆ. ನೀನು ತಟ್ಟದೆ ಒಂದೇ ಒಂದ್ಸಲ ಹೊಡ್ದಿದ್ದೀನಾ?"

"ಇಲ್ಲ."

"ಇವತ್ತು ನನ್ನ ಕೈ ಮೋಟರ್ ಮ್ಯಾಲಿತ್ತು. ನೀನು ಬೆಳ್ಳೂರಲ್ಲಿ ಕುಂತ್ಕಂಡು ಹೊಡ್ದೆ. ನಾನು ತಟ್ಟಿದ್ನಾ?"

ಅವಳು ಪಟ್ಟಿ ಕಟ್ಟಿದ ಕೈಯನ್ನು ಅವನ ಮುಂದೆ ಹಿಡಿದಳು.

"ನಿನ್ನ ಗ್ಯಾನ ನಂಬ್ಕಂಡು ನಾನು ಇನ್ಮೇಲೆ ಕೈ ಹಾಕಲ್ಲ. ಮೇನ್ ಸ್ವಿಚ್ಚು ಇಳಿಸಿದ್ ಮ್ಯಾಲೆ ಅದ್ಕೆ ಬೀಗ ಬೀಳ್ಬೇಕು. ಬೀಗದ ಕೈ ಯಾರ್ ಮೋಟರು ಮುಟ್ತಾರೋ ಅವ್ರ ಸೊಂಟದಲ್ಲಿರ್ಬೇಕು. ಅದಾಗೋ ತಂಕ ನಾನು ಸಮ್ಮಟಿಗೆ ಎತ್ತಲ್ಲ."

ಎತ್ತಲೂ ಇಲ್ಲ. ಕೈ ವಾಸಿಯಾದ ಮೇಲೂ ಎತ್ತಲಿಲ್ಲ. ಕುಲುಮೆಯ ಮುಂದೆ ಗುದ್ದಲಿ ರಾಶಿ ಬಿತ್ತು. "ಮೊಂಡು ಬುಡು ಚೆಲುವಿ" ಅಂತ ಅವನು ಗೋಗರೆದ. "ಮೊಂಡೇ ಸೈ" ಅಂದಳು. ಸ್ಟಾರ್ಟರೇ ಬೇಡ ಅಂತ ಕಿತ್ತುಹಾಕಲು ಹೊರಟಾಗಲೂ ಅವಳೇ ತಡೆದಳು. "ಕಿತ್ತಾಕಿ ನನ್ನನ್ನ ಮತ್ತೆ ಓಡಿಸ್ತೀಯಾ? ಯಂತ್ರ ಇರ್ಲಿ. ಜತೆಗೆ ಬೀಗಾನೂ ಇರ್ಲಿ."

ಮೂರನೆಯ ವಾರ ಕಾಳಪ್ಪಣ್ಣ ಸೋತ. ಅಳತೆ ತೆಗೆದುಕೊಂಡು ಬಂದು, ಒಬ್ಬನೇ ಕೂತು ಒಂದು ಗಟ್ಟಿ ಕೊಂಡಿ ಬಡಿದ. ಮೇನ್ ಸ್ವಿಚ್ಚಿನ ಹಿಡಿ ಕೆಳಗಿಳಿದಾಗ ಅದನ್ನು ಅಪ್ಪಿ ಹಿಡಿಯುವ ಕೊಂಡಿ. ಅದಕ್ಕೊಂದು ಬೀಗ. ಬೀಗ ತೆಗೆಯದೆ ಹಿಡಿ ಮೇಲೇಳುವುದೇ ಇಲ್ಲ.

ಕೀರ್ತನ ಇನ್ನೊಂದು ಉಪಾಯ ಹುಡುಕಿದಳು. "ರೋಬೋ ಗಾಡಿ ಕಟ್ಟೋವಾಗ ನಮ್ಮ ಮೇಡಂ ಮೊದಲು ಹಾಕ್ಸಿದ್ದು ಚಕ್ರ ಅಲ್ಲಪ್ಪಾ, ನಿಲ್ಸೋ ಗುಂಡಿ. ಎರಡ್ನೇದು ಹಾರನ್ನು" ಅಂದಳು. ಆ ಗಾಡಿಯ ಹಾಗೆಯೇ ಒಂದು ಹಾರನ್ ಜೋಡಿಸಿದಳು. ಫೋನಿನಲ್ಲಿ ಒತ್ತಿದರೆ ಮೊದಲು ಅರ್ಧ ನಿಮಿಷ ಹಾರನ್ ಕೂಗುತ್ತದೆ, ಆಮೇಲೆ ಮೋಟರು. ಕೊಂಡಿಯನ್ನಾಗಲೀ ಹಾರನ್ನನ್ನಾಗಲೀ ಅಪ್ಪ ಮಗಳೇ ಹೋಗಿ ಸಿಕ್ಕಿಸಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅವನ ಕೈಲೇ ಹಾಕಿಸಿದರು.

"ಹಾರನ್ ಐತಲ್ಲ, ಮತ್ತೆ ಬೀಗ ಯಾಕೆ?" ಅಂತ ಕಾಳಪ್ಪಣ್ಣ ಕೊನೆಯ ಬಾಣ ಬಿಟ್ಟ.

"ಹಾರನ್ ಕೆಟ್ಟೋಗ್ಬೋದು. ಬೀಗ ಹಾಕಿದ್ರೆ ಯಾರ್ ಒತ್ತಿದ್ರೂ ಮೋಟರು ಏಳಲ್ಲ" ಅಂದಳು ಕೀರ್ತನ.

ಮಾರನೆಯ ದಿನ ಚೆಲುವಕ್ಕ ಸಮ್ಮಟಿಗೆ ಎತ್ತಿದಳು. ಆ ಸದ್ದು ಕೇಳಿ ನಾನು ಒಳಗಿದ್ದವಳು ಬೀದಿಗೆ ಬಂದು ನಿಂತೆ.

ಹೋದ ತಿಂಗಳು ಕಾಳಪ್ಪಣ್ಣ ಕಬ್ಬಿಣ ತರಲು ಪಾಂಡವಪುರಕ್ಕೆ ಹೋಗಿದ್ದ. ಹಳೇ ಚಾಳಿ ಎಲ್ಲಿ ಹೋಗುತ್ತದೆ? ಅಂಗಡಿಯವರ ಮುಂದೆ ಫೋನು ತೆಗೆದು ಒತ್ತಿದ. ಇಲ್ಲಿ ಚೆಲುವಕ್ಕ ಪಂಪಿನ ಬೋಲ್ಟು ಬಿಗಿ ಮಾಡುತ್ತಿದ್ದಳು. ಹಾರನ್ ಕೂಗಲಿಲ್ಲ, ಮೋಟರು ಏಳಲಿಲ್ಲ. ಏಳುವುದಾದರೂ ಹೇಗೆ? ಕರೆಂಟನ್ನು ಅವಳು ಬೀಗದ ಆಚೆಗೇ ನಿಲ್ಲಿಸಿದ್ದಳು. ಅವಳ ಫೋನು ಬಡಿದುಕೊಂಡಿತು.

"ಮೋಟರು ಯಾಕೆ ಓಡ್ತಿಲ್ಲ?"

"ನನ್ನ ಕೈ ಒಳಗೈತೆ. ಬೀಗದ ಕೈ ಸೊಂಟದಲ್ಲೈತೆ."

ಆ ಕಡೆ ಅವನು ಅತ್ತ. ಗಂಡಸು, ಪಾಂಡವಪುರದ ಅಂಗಡಿ ಬೀದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. "ಮತ್ತೆ ಒತ್ಬುಟ್ಟಿದ್ದೆ ಕಣೇ ಚೆಲುವಿ. ಮತ್ತೆ ಒತ್ಬುಟ್ಟಿದ್ದೆ."

ಅಂದಿನಿಂದ ಅವನು ಫೋನಿನಲ್ಲಿ ಗುಂಡಿ ಒತ್ತುವ ಮೊದಲು ಮನೆಗೆ ಫೋನು ಮಾಡುತ್ತಾನೆ. ಒಂದೇ ಮಾತು ಕೇಳುತ್ತಾನೆ: "ಕೈ ಆಚೆ ಐತಾ?" ಅವಳು "ಐತೆ, ಹಾಕು" ಅಂದರೆ ಮಾತ್ರ ಒತ್ತುತ್ತಾನೆ. ನಮ್ಮ ಬೀದಿಯ ಮೋಟರುಗಳಿಗೆಲ್ಲ ಈಗ ಅವನದೇ ಕೊಂಡಿ.

ಇದನ್ನು ಓದುತ್ತಿರುವ ಅಣ್ಣಾ, ಕೇಳುತ್ತಿರುವ ಅಕ್ಕಾ, ನಿಮ್ಮ ಮೋಟರಿಗೂ ಇಂಥ ಸ್ಟಾರ್ಟರ್ ಇರಬಹುದು. ಇರಲಿ, ಒಳ್ಳೆಯದೇ. ಆದರೆ ಫೋನಿನ ಆಫ್ ನಂಬಿ ಕೈ ಹಾಕಬೇಡಿ. ಮೇನ್ ಸ್ವಿಚ್ಚು ಇಳಿಸಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮೋಟರಿನ ಹತ್ತಿರ ಬಗ್ಗಿ. ಸೆರಗು, ಟವಲ್ಲು ಬಿಗಿಯಾಗಿ ಕಟ್ಟಿಕೊಳ್ಳಿ. ವೈರಿನ ಕೆಲಸವಾದರೆ ನೀವು ಮುಟ್ಟಲೇಬೇಡಿ, ಅದನ್ನು ಬಲ್ಲವರನ್ನು ಕರೆಸಿ. ದೂರದಲ್ಲಿ ಕೂತು ಒತ್ತುವವರೇ, ನಿಮಗೆ ನನ್ನದು ಇನ್ನೊಂದು ಮಾತು. ಅಲ್ಲಿ ಯಾರ ಕೈ ಇದೆಯೋ ನಿಮ್ಮ ಫೋನಿಗೆ ಕಾಣುವುದಿಲ್ಲ. ನೀವೇ ಕೇಳಬೇಕು.

ಇವತ್ತು ಒತ್ತುವ ಮೊದಲು ಮನೆಗೊಂದು ಫೋನು ಮಾಡಿ, ಕೇಳಿ: "ಕೈ ಆಚೆ ಐತಾ?"